ಗುಡ್ಡದ ನೆತ್ತಿಯ ರನ್‌ವೇ

ಮಂಜೇಶ್ವರ, ಉಪ್ಪಳ, ಕುಂಬಳೆ, ಬದಿಯಡ್ಕಗಳ ಕಡೆಯವರಿಗೆ ಬಜ್ಪೆ ಎಂಬ ಹೆಸರು ಹೊಸತಲ್ಲ. ಕಾಸರಗೋಡು ಸೀಮೆಯಲ್ಲಿ ಅರಬ್ಬೀ ದೇಶಗಳಿಗೆ ದುಡಿಯಲು ಹೋದ ಒಬ್ಬ ಮಗನಾದರೂ ಅಳಿಯನಾದರೂ ಇಲ್ಲದ ಊರು ಸಿಗುವುದು ಕಷ್ಟ. ಆತನು ರಜೆಯಲ್ಲಿ ಬರುವ ದಿನ ಮನೆಮಂದಿಯೆಲ್ಲ ಕೋಳಿ ಕೂಗುವ ಮೊದಲೇ ಎದ್ದು, ಬಾಡಿಗೆಯ ಕಾರು ಮಾಡಿಕೊಂಡು, ತಲಪಾಡಿಯ ಗಡಿಯನ್ನೂ ನೇತ್ರಾವತಿಯ ಸೇತುವೆಯನ್ನೂ ದಾಟಿ ಬಜ್ಪೆಯ ಗುಡ್ಡವನ್ನೇರುವರು. ಅಲ್ಲಿ ಕಂಬಿಯ ಹೊರಗೆ ನಿಂತು, 'ವಿಮಾನ ಇಳಿಯಿತು' ಎಂಬ ಒಂದು ಮಾತಿಗಾಗಿ ಕಾಯುವರು. ಆ ಒಂದು ಮಾತಿನ ಹಿಂದೆ ಎಷ್ಟು ವಿದ್ಯೆ, ಎಷ್ಟು ಎಚ್ಚರ, ಎಷ್ಟು ವಿವೇಕ ಅಡಗಿದೆಯೆಂದು ನಾವು ಸಾಮಾನ್ಯವಾಗಿ ಚಿಂತಿಸುವವರಲ್ಲ. ಚಿಂತಿಸುವಂತೆ ಮಾಡಿದ್ದು ೨೦೧೦ನೆಯ ಇಸವಿಯ ಮೇ ತಿಂಗಳ ೨೨ನೆಯ ತಾರೀಖು.

ಆ ವರ್ಷ ಜೂನ್ ತಿಂಗಳಲ್ಲಿ ಶಾಲೆ ತೆರೆದಾಗ ಹಾಜರಿ ಪುಸ್ತಕದಲ್ಲಿ ತಂದೆಯ ಹೆಸರಿನ ಮುಂದೆ 'ದಿವಂಗತ' ಎಂದು ಬರೆಯುವ ದುರ್ದಿನವು ನಮ್ಮ ಸೀಮೆಯ ಶಾಲೆಗಳಿಗೆ ಬಂದಿತು. ತರಗತಿಯಲ್ಲಿ ಒಬ್ಬ ಹುಡುಗನು ನನ್ನನ್ನು ಕೇಳಿದ ಪ್ರಶ್ನೆಯನ್ನು ನಾನು ಇಂದಿಗೂ ಮರೆತಿಲ್ಲ. "ಮಾಷ್ಟ್ರೇ, ವಿಮಾನ ನಿಲ್ದಾಣವನ್ನು ಗುಡ್ಡದ ಮೇಲೆ ಯಾಕೆ ಕಟ್ಟಿದರು? ಕೆಳಗೆ ಬಯಲಲ್ಲಿ ಕಟ್ಟಬಹುದಿತ್ತಲ್ಲ?" ನಾನು ಕನ್ನಡ ಪಂಡಿತನೇ ಹೊರತು ವಿಮಾನಶಾಸ್ತ್ರ ಬಲ್ಲವನಲ್ಲ. ಅಂದು ಸರಿಯಾದ ಉತ್ತರವನ್ನು ಕೊಡಲಾರದೆ ಹೋದೆನು. ಅನಂತರ ಹಲವು ವರ್ಷ ಓದಿ, ಬಲ್ಲವರನ್ನು ಕೇಳಿ ತಿಳಿದುದನ್ನು ಈ ಸ್ಮರಣ ಸಂಚಿಕೆಯ ಮೂಲಕ ವಾಚಕರಿಗೆ ಅರಿಕೆ ಮಾಡುತ್ತಿದ್ದೇನೆ. ಆ ಹುಡುಗನಿಗೆ ಸಲ್ಲಬೇಕಾಗಿದ್ದ ಉತ್ತರವಿದು.

ನಮ್ಮ ಕರಾವಳಿಯ ನೆಲದ ಬಗೆಯನ್ನು ಮೊದಲು ಗಮನಿಸಬೇಕು. ಪಡುವಣಕ್ಕೆ ಸಮುದ್ರ, ಮೂಡಣಕ್ಕೆ ಸಹ್ಯಾದ್ರಿ. ಇವೆರಡರ ನಡುವೆ ಸಮತಟ್ಟಾದ ತಗ್ಗು ನೆಲವೆಂದರೆ ಹೊಳೆಗಳ ಬದಿಯ ಬೈಲುಗಳು. ಅವು ಗದ್ದೆಗಳಾಗಿ, ತೆಂಗು ಕಂಗುಗಳ ತೋಟಗಳಾಗಿ ಜನರಿಗೆ ಅನ್ನ ಕೊಡುವಂಥವು. ಆಟಿಯ ಮಳೆಗೆ ನೀರು ನಿಲ್ಲುವಂಥವು. ಮನೆಗಳೂ ತೋಟಗಳೂ ಒತ್ತಾಗಿರುವ ಈ ನಾಡಿನಲ್ಲಿ ಉದ್ದಕ್ಕೂ ಅಡ್ಡಿಯಿಲ್ಲದ ಚಪ್ಪಟೆ ನೆಲ ಬೇಕೆಂದರೆ ನಾವು 'ಪದವು' ಎಂದು ಕರೆಯುವ ಮುರಕಲ್ಲಿನ ಗುಡ್ಡಗಳ ನೆತ್ತಿಯನ್ನೇ ಹುಡುಕಬೇಕು. ಅಲ್ಲಿ ಬೇಸಾಯ ಕಡಿಮೆ, ನೀರು ನಿಲ್ಲುವುದಿಲ್ಲ, ಎದುರಿಗೆ ಬೆಟ್ಟದ ಅಡ್ಡಿಯೂ ಇಲ್ಲ. ಹೀಗೆ ಕಡಲ ಮಟ್ಟಕ್ಕಿಂತ ಸುಮಾರು ೧೦೦ ಮೀಟರು ಎತ್ತರದ ಬಜ್ಪೆಯ ಪದವು ವಿಮಾನ ನಿಲ್ದಾಣವಾಯಿತು. ಗುಡ್ಡವನ್ನು ಆರಿಸಿಕೊಂಡುದು ಹುಚ್ಚುತನವೇನೂ ಅಲ್ಲ. ಆದರೆ ಪದವಿಗೆ ಒಂದು ಅಂಚು ಇರುತ್ತದೆ. ಅಂಚಿನಾಚೆ ಕಣಿವೆ ಇರುತ್ತದೆ. ಮೇಜಿನ ಹಲಗೆಯಂತಿರುವ ಇಂಥ ರನ್‌ವೇಯನ್ನು 'ಟೇಬಲ್ ಟಾಪ್' ಎಂದು ಕರೆಯುವುದು ಈ ಕಾರಣದಿಂದಲೇ.

೧೯೫೧ನೆಯ ಇಸವಿ ಡಿಸೆಂಬರ್ ೨೫ರಂದು ಪ್ರಧಾನಮಂತ್ರಿ ಜವಾಹರಲಾಲ್ ನೆಹರೂ ಅವರು ಡಕೋಟಾ ವಿಮಾನದಲ್ಲಿ ಬಂದಿಳಿದುದರೊಂದಿಗೆ ಬಜ್ಪೆಯ ನಿಲ್ದಾಣವು ಆರಂಭವಾಯಿತು. ಈ ತಾರೀಖಿನಲ್ಲಿ ನಮ್ಮ ಪಾಲಿಗೆ ಒಂದು ವಿಶೇಷವಿದೆ. ಅಂದು ಕಾಸರಗೋಡು ತಾಲೂಕೂ ಬಜ್ಪೆಯೂ ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಮಂಗಳೂರಿನವರಿಗೆ ಎಷ್ಟೋ ನಮಗೂ ಅಷ್ಟೇ, ಅದು ಸ್ವಂತ ಜಿಲ್ಲೆಯ ನಿಲ್ದಾಣ. ಐದು ವರ್ಷ ತುಂಬುವ ಮೊದಲೇ, ೧೯೫೬ರ ನವೆಂಬರ್ ೧ರಂದು, ರಾಜ್ಯಗಳ ಪುನರ್ವಿಂಗಡಣೆಯಾಗಿ ನಾವು ಗಡಿಯ ಈಚೆಗೆ ಉಳಿದೆವು. ಆದರೂ ನಮ್ಮ ಮಕ್ಕಳು ಆಕಾಶಮಾರ್ಗವಾಗಿ ಮನೆಗೆ ಬರುವ ಬಾಗಿಲು ಬಜ್ಪೆಯಾಗಿಯೇ ಉಳಿಯಿತು.

ಅಂದಿನ ರನ್‌ವೇಯ ಉದ್ದ ಸುಮಾರು ೧೬೧೫ ಮೀಟರು. ಡಕೋಟಾದಂಥ ಹಗುರವಾದ, ನಿಧಾನಗತಿಯ ವಿಮಾನಕ್ಕೆ ಅದು ಸಾಕಾಗಿತ್ತು. ಕಾಲ ಕಳೆದಂತೆ ಪಂಕದ ವಿಮಾನಗಳು ದೊಡ್ಡವಾದವು. ಬಳಿಕ ಬೋಯಿಂಗ್ ಜೆಟ್ ವಿಮಾನಗಳೂ ಬಂದವು. ವಿಮಾನಗಳು ಬೆಳೆದವು, ಗುಡ್ಡ ಬೆಳೆಯಲಿಲ್ಲ. ೧೯೮೧ರ ಆಗಸ್ಟ್ ೧೯ರಂದು ಮಳೆಯಲ್ಲಿ ಇಂಡಿಯನ್ ಏರ್‌ಲೈನ್ಸಿನ ಆವ್ರೋ ವಿಮಾನವೊಂದು ಒದ್ದೆಯಾದ ರನ್‌ವೇಯಲ್ಲಿ ನಿಲ್ಲಲಾರದೆ ಅಂಚನ್ನು ಮೀರಿ, ಅಲ್ಲಿಂದ ಸ್ವಲ್ಪ ದೂರದಲ್ಲೇ ನಿಂತಿತು. ಅದರಲ್ಲಿ ಕರ್ನಾಟಕದ ಅಂದಿನ ಅರ್ಥಸಚಿವ ವೀರಪ್ಪ ಮೊಯಿಲಿಯವರೂ ಪ್ರಯಾಣಿಸುತ್ತಿದ್ದರು. ಯಾರ ಪ್ರಾಣಕ್ಕೂ ಹಾನಿಯಾಗಲಿಲ್ಲ. ಆದರೆ ವಿಮಾನವು ಮತ್ತೆಂದೂ ಹಾರುವ ಸ್ಥಿತಿಯಲ್ಲಿರಲಿಲ್ಲ. ಗುಡ್ಡವು ಅಂದು ಎಚ್ಚರಿಕೆಯನ್ನಷ್ಟೇ ಕೊಟ್ಟು ಬಿಟ್ಟಿತು.

ಇಲ್ಲಿ ವಿಮಾನವನ್ನಿಳಿಸುವ ಕ್ರಮವನ್ನು ಸ್ಥೂಲವಾಗಿಯಾದರೂ ತಿಳಿಯದೆ ಮುಂದಿನ ಕಥೆಯು ಅರ್ಥವಾಗದು. ವಿಮಾನವು ನೆಟ್ಟನೆ ಕೆಳಗೆ ಬೀಳುವಂತೆ ಇಳಿಯುವುದಿಲ್ಲ. ಬಹು ದೂರದಿಂದಲೇ ಮೂರು ಡಿಗ್ರಿಗಳಷ್ಟು ಸಣ್ಣ ಇಳಿಜಾರಿನಲ್ಲಿ, ಜಾರುಹಲಗೆಯ ಮೇಲೆ ಬಂದಂತೆ, ಪ್ರತಿ ಕಿಲೋಮೀಟರಿಗೆ ಸುಮಾರು ೫೨ ಮೀಟರು ತಗ್ಗುತ್ತ ಬರುತ್ತದೆ. ರನ್‌ವೇಯ ಆರಂಭದ ಗೆರೆಯನ್ನು ದಾಟುವಾಗ ಚಕ್ರಗಳು ನೆಲದಿಂದ ೫೦ ಅಡಿಯ ಆಸುಪಾಸಿನಲ್ಲಿರಬೇಕು. ಅಲ್ಲಿಂದ ಮುಂದೆ ಸುಮಾರು ೩೦೦ ಮೀಟರಿನ ಹತ್ತಿರ ನೆಲವನ್ನು ಮುಟ್ಟಬೇಕು. ಎತ್ತರ, ವೇಗ, ದಿಕ್ಕು ಈ ಮೂರೂ ಮುಂಚಿತವಾಗಿಯೇ ಹದಕ್ಕೆ ಬಂದಿರಬೇಕು. ನೆಲ ಹತ್ತಿರವಾದ ಮೇಲೆ ಸರಿಪಡಿಸುವೆನೆಂದರೆ ಕಾಲ ಮೀರಿರುತ್ತದೆ.

ಕಾಲ ಹೇಗೆ ಮೀರುತ್ತದೆಂಬುದಕ್ಕೆ ಒಂದು ಸಣ್ಣ ಲೆಕ್ಕ. ಇಂದಿನ ಬೋಯಿಂಗ್ ೭೩೭ ವಿಮಾನವು ಇಳಿಯುವಾಗ ಗಂಟೆಗೆ ಸುಮಾರು ೨೬೦ ಕಿಲೋಮೀಟರು ವೇಗದಲ್ಲಿರುತ್ತದೆ. ಎಂದರೆ ಒಂದು ಸೆಕೆಂಡಿಗೆ ೭೦ ಮೀಟರಿಗೂ ಹೆಚ್ಚು. ನೆಲದ ಮೇಲೆ ತೇಲುತ್ತ ಐದು ಸೆಕೆಂಡು ಕಳೆದರೆ ೩೫೦ ಮೀಟರು ರನ್‌ವೇ ಹಿಂದೆ ಉಳಿಯಿತು. ಹಿಂದೆ ಉಳಿದ ರನ್‌ವೇಯಿಂದ ಚಾಲಕನಿಗೆ ಯಾವ ಉಪಯೋಗವೂ ಇಲ್ಲ. ವೇಗದ ವಿಚಾರವಂತೂ ಇನ್ನೂ ಕಠಿಣ. ವೇಗವು ಹತ್ತರಲ್ಲಿ ಒಂದು ಪಾಲು ಹೆಚ್ಚಾದರೆ ಬ್ರೇಕುಗಳು ಹೀರಬೇಕಾದ ಶಕ್ತಿಯು ನೂರಕ್ಕೆ ೨೧ರಷ್ಟು ಹೆಚ್ಚುತ್ತದೆ. ನೆಲವು ಒದ್ದೆಯಾಗಿದ್ದರೆ ಚಕ್ರದ ಹಿಡಿತ ತಗ್ಗುತ್ತದೆ. ಗಾಳಿ ಹಿಂದಿನಿಂದ ಬೀಸುತ್ತಿದ್ದರೆ ವಿಮಾನ ಇನ್ನಷ್ಟು ದೂರ ಓಡುತ್ತದೆ. ಬಯಲಿನ ಉದ್ದವಾದ ರನ್‌ವೇಯಲ್ಲಿ ಈ ತಪ್ಪುಗಳಿಗೆ ಕ್ಷಮೆಯುಂಟು. ಗುಡ್ಡದ ನೆತ್ತಿಯಲ್ಲಿ ಆ ಕ್ಷಮೆ ಬಹಳ ಅಲ್ಪ.

ಇದರ ಮೇಲೆ ಕಣ್ಣಿನ ಮೋಸವೊಂದುಂಟು. ಚಾಲಕನು ಕಣಿವೆಯ ಮೇಲಿನಿಂದ ಬರುವಾಗ ಕೆಳಗಿನ ನೆಲ ಆಳದಲ್ಲಿರುತ್ತದೆ. ರನ್‌ವೇ ಮಾತ್ರ ಎತ್ತರದಲ್ಲಿ ಒಂದು ಪಟ್ಟಿಯಂತೆ ಕಾಣುತ್ತದೆ. ತಾನಿರುವ ಎತ್ತರದ ಅಂದಾಜು ಇದರಿಂದ ತಪ್ಪಿಹೋಗುವ ಸಂಭವವಿದೆ. ಆದುದರಿಂದ ಇಂಥ ಕಡೆ ಕಣ್ಣನ್ನು ಮಾತ್ರ ನೆಚ್ಚದೆ ಉಪಕರಣಗಳನ್ನೂ, ಪಕ್ಕದಲ್ಲಿ ಕುಳಿತವನ ಮಾತನ್ನೂ ನೆಚ್ಚಬೇಕಾಗುತ್ತದೆ. ಈ ಕೊನೆಯ ಮಾತನ್ನು ವಾಚಕರು ದಯವಿಟ್ಟು ನೆನಪಿನಲ್ಲಿಡಬೇಕು.

ಇನ್ನು ಚರಿತ್ರೆಗೆ ಮರಳೋಣ. ಹಳೆಯ ರನ್‌ವೇ ಸಾಲದೆಂದು ೨೪೫೦ ಮೀಟರು ಉದ್ದದ ಎರಡನೆಯ ರನ್‌ವೇಯನ್ನು ಕಟ್ಟಿ ೨೦೦೬ರಲ್ಲಿ ಉಪಯೋಗಕ್ಕೆ ತೆರೆದರು. ಅದರ ಸುರಕ್ಷತೆಯನ್ನು ಪ್ರಶ್ನಿಸಿ ಸ್ಥಳೀಯರು ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದ್ದರು. ಅವರ ಅರ್ಜಿಗಳು ವಜಾ ಆದವು. ಹೊಸ ರನ್‌ವೇ ಹಳೆಯದಕ್ಕಿಂತ ೮೩೫ ಮೀಟರು ಹೆಚ್ಚು ಉದ್ದವಾಗಿತ್ತು, ನಿಜ. ಆದರೆ ಅದರ ಕೊನೆಯಲ್ಲಿಯೂ ಕಣಿವೆಯೇ ಇತ್ತು. ರನ್‌ವೇ ಮುಗಿದ ಮೇಲೆ, ತಪ್ಪಿ ಮುಂದೆ ಬಂದ ವಿಮಾನವನ್ನು ತಡೆಯುವ ಸುರಕ್ಷಾ ಪ್ರದೇಶಕ್ಕೆ ೯೦ ಮೀಟರು ಮಾತ್ರ ದೊರೆತಿತ್ತು. ಅಂತರರಾಷ್ಟ್ರೀಯ ನಿಯಮದಂತೆ ಅದು ಕನಿಷ್ಠ ಪ್ರಮಾಣ. ಅದೇ ನಿಯಮವು ೨೪೦ ಮೀಟರಿದ್ದರೆ ಒಳಿತೆಂದು ಶಿಫಾರಸು ಮಾಡುತ್ತದೆ.

ಅದೇ ೨೦೦೬ರ ಅಕ್ಟೋಬರಿನಲ್ಲಿ ಬಜ್ಪೆಯಿಂದ ದುಬೈಗೆ ನೇರ ವಿಮಾನವು ಆರಂಭವಾಯಿತು. ಮುಂಬಯಿಗೋ ಕರಿಪುರಕ್ಕೋ ಹೋಗಿ ವಿಮಾನ ಹತ್ತಬೇಕಾಗಿದ್ದ ನಮ್ಮ ಸೀಮೆಯವರಿಗೆ ಇದು ಎಂಥ ಅನುಕೂಲವಾಯಿತೆಂಬುದನ್ನು ವಿವರಿಸಬೇಕಾಗಿಲ್ಲ. ಮದುವೆಗೆಂದು, ಸೀಮಂತಕ್ಕೆಂದು, ಹಿರಿಯರ ಕೊನೆಗಾಲಕ್ಕೆಂದು ನಾಲ್ಕು ದಿನದ ರಜೆಯಲ್ಲಿ ಬಂದು ಹೋಗುವುದು ಸಾಧ್ಯವಾಯಿತು.

ಅಂಥದೇ ಒಂದು ವಿಮಾನವು ೨೦೧೦ರ ಮೇ ೨೨ರ ಬೆಳಗಿನ ಜಾವ ದುಬೈಯಿಂದ ಹೊರಟು ಬಂದಿತು. ಏರ್ ಇಂಡಿಯಾ ಎಕ್ಸ್‌ಪ್ರೆಸ್ಸಿನ ಬೋಯಿಂಗ್ ೭೩೭. ೧೬೦ ಮಂದಿ ಪ್ರಯಾಣಿಕರು, ೬ ಮಂದಿ ಸಿಬ್ಬಂದಿ. ಪ್ರಯಾಣಿಕರಲ್ಲಿ ಬಹಳ ಮಂದಿ ದಕ್ಷಿಣ ಕನ್ನಡದವರು ಮತ್ತು ಕಾಸರಗೋಡಿನವರು. ಗಾಳಿ ಶಾಂತವಾಗಿತ್ತು. ಆರು ಕಿಲೋಮೀಟರು ದೂರದವರೆಗೆ ಕಣ್ಣಿಗೆ ಕಾಣುತ್ತಿತ್ತು. ಬೆಳಿಗ್ಗೆ ಆರು ಗಂಟೆ ಕಳೆದು ಕೆಲವು ನಿಮಿಷಗಳಾಗಿದ್ದವು. ವಿಮಾನವು ರನ್‌ವೇಯನ್ನು ಮೀರಿ ಓಡಿ, ಅದರ ಬಲರೆಕ್ಕೆಯು ಮಾರ್ಗದರ್ಶಕ ಆಂಟೆನಾದ ಕಟ್ಟಡಕ್ಕೆ ಬಡಿದು, ಕಣಿವೆಗೆ ಬಿದ್ದು ಉರಿದುಹೋಯಿತು. ಕೆಂಜಾರು ಪರಿಸರದ ಹಳ್ಳಿಯ ಜನರು ಹೊಗೆಯನ್ನೂ ಬೆಂಕಿಯನ್ನೂ ಲೆಕ್ಕಿಸದೆ ಓಡಿಬಂದರು. ೧೬೬ ಮಂದಿಯಲ್ಲಿ ಬದುಕಿ ಉಳಿದವರು ೮ ಮಂದಿ. ೧೫೮ ಜೀವಗಳು ಹೋದವು.

ಸುದ್ದಿ ಬಂದ ಮೊದಲ ದಿನಗಳಲ್ಲಿ ಎಲ್ಲರ ಬಾಯಲ್ಲಿಯೂ ಒಂದೇ ಮಾತು: 'ಆ ಗುಡ್ಡವೇ ಕೊಂದಿತು, ರನ್‌ವೇ ಗಿಡ್ಡವಾಯಿತು.' ನಾನೂ ಹಾಗೆಯೇ ನಂಬಿದ್ದೆನು. ಏರ್ ಮಾರ್ಷಲ್ ಬಿ. ಎನ್. ಗೋಖಲೆಯವರ ನೇತೃತ್ವದಲ್ಲಿ ನಡೆದ ವಿಚಾರಣೆಯ ವರದಿಯನ್ನು ಓದಿದ ಮೇಲೆ ನನ್ನ ನಂಬಿಕೆಯು ಬದಲಾಯಿತು. ವರದಿಯ ಮುಖ್ಯಾಂಶಗಳು ಹೀಗಿವೆ.

ಕಪ್ಪು ಪೆಟ್ಟಿಗೆಯ ಧ್ವನಿಮುದ್ರಣದಲ್ಲಿ ಉಳಿದಿದ್ದುದು ಕೊನೆಯ ೨ ಗಂಟೆ ೫ ನಿಮಿಷಗಳ ಸದ್ದು. ಅದರ ಮೊದಲ ೧ ಗಂಟೆ ೪೦ ನಿಮಿಷಗಳಷ್ಟು ಕಾಲ ಮುಖ್ಯಚಾಲಕರು ನಿದ್ರೆಯಲ್ಲಿದ್ದರು. ಗಾಢನಿದ್ರೆಯಿಂದ ಎದ್ದವನ ಬುದ್ಧಿಗೆ ಮಂಪರು ಬಿಡಲು ಹೊತ್ತು ಬೇಕೆಂಬುದು ಎಲ್ಲರ ಅನುಭವ. ಮಂಗಳೂರಿನ ರಾಡಾರ್ ಯಂತ್ರವು ಆ ದಿನಗಳಲ್ಲಿ ಕೆಲಸ ಮಾಡುತ್ತಿರಲಿಲ್ಲವಾದುದರಿಂದ ಕೆಳಗಿಳಿಯಲು ಅನುಮತಿಯು ತಡವಾಗಿ ದೊರೆಯಿತು. ಈ ಕಾರಣಗಳಿಂದ ವಿಮಾನವು ಇರಬೇಕಾದ ಎತ್ತರಕ್ಕಿಂತ ಸುಮಾರು ಎರಡರಷ್ಟು ಮೇಲಿತ್ತು. ಅಲ್ಲಿಂದ ಅವಸರವಾಗಿ, ಕಡಿದಾಗಿ ಇಳಿಸಿದ್ದರಿಂದ ವೇಗವೂ ಮಿತಿಮೀರಿತು. ನೆಲದ ಅಪಾಯವನ್ನು ತಿಳಿಸುವ ಯಂತ್ರವು ಮತ್ತೆ ಮತ್ತೆ ಕೂಗಿತು. ಪಕ್ಕದಲ್ಲಿ ಕುಳಿತ ಸಹಚಾಲಕರು 'ಗೋ ಅರೌಂಡ್' ಎಂದು ಮೂರು ಬಾರಿ ಹೇಳಿದರು. ಇಳಿಯುವುದನ್ನು ಕೈಬಿಟ್ಟು ಮತ್ತೆ ಮೇಲೇರಿ ಒಂದು ಸುತ್ತು ಹಾಕಿ ಬರೋಣ ಎಂಬುದು ಅದರ ಅರ್ಥ. ಮುಖ್ಯಚಾಲಕರು ಕೇಳಲಿಲ್ಲ.

ವಿಮಾನವು ನೆಲ ಮುಟ್ಟಿದ್ದು ರನ್‌ವೇಯ ಆರಂಭದಿಂದ ೫೨೦೦ ಅಡಿ, ಎಂದರೆ ಸುಮಾರು ೧೫೮೫ ಮೀಟರು ಕಳೆದ ಮೇಲೆ. ಇಲ್ಲಿ ವಾಚಕರು ಒಂದು ಹೋಲಿಕೆಯನ್ನು ಮಾಡಿಕೊಳ್ಳಬೇಕು. ೧೯೫೧ರ ರನ್‌ವೇಯ ಪೂರ್ತಿ ಉದ್ದವೇ ೧೬೧೫ ಮೀಟರು. ನೆಹರೂ ಅವರ ಕಾಲದ ಇಡೀ ರನ್‌ವೇ ಎಷ್ಟು ಉದ್ದವಿತ್ತೋ ಹೆಚ್ಚುಕಡಿಮೆ ಅಷ್ಟು ನೆಲವನ್ನು, ಈ ವಿಮಾನವು ಮುಟ್ಟದೆಯೇ ದಾಟಿಬಿಟ್ಟಿತ್ತು. ಉಳಿದಿದ್ದುದು ಸುಮಾರು ೮೬೫ ಮೀಟರು. ಅಷ್ಟಾದರೂ, ನೆಲ ಮುಟ್ಟಿದೊಡನೆ ಬ್ರೇಕುಗಳನ್ನು ಪೂರ್ಣಬಲದಿಂದ ಒತ್ತಿ, ಎಂಜಿನುಗಳ ಹಿಮ್ಮುಖ ಬಲವನ್ನು ಬಿಡದೆ ಉಪಯೋಗಿಸಿದ್ದರೆ ವಿಮಾನವು ರನ್‌ವೇಯ ಒಳಗೆಯೇ ನಿಲ್ಲುತ್ತಿತ್ತೆಂದು ತಜ್ಞರ ಲೆಕ್ಕವು ತೋರಿಸಿತು. ಆದರೆ ಮುಖ್ಯಚಾಲಕರು ಹಿಮ್ಮುಖ ಬಲವನ್ನು ಹಾಕಿದ ಮೇಲೆ ಮನಸ್ಸು ಬದಲಿಸಿ ಮತ್ತೆ ಮೇಲೇರಲು ಯತ್ನಿಸಿದರು. ಆಕಾಶದಲ್ಲಿದ್ದಾಗ ಮಾಡಬೇಕಾಗಿದ್ದುದನ್ನು ನೆಲದಲ್ಲಿ ಮಾಡಹೊರಟರು. ಆಗ ಅದಕ್ಕೆ ಸ್ಥಳವಿರಲಿಲ್ಲ.

ವಿಚಾರಣೆಯವರು ಹೇಳಿದ ಇನ್ನೊಂದು ಮಾತು ನನ್ನ ಮನಸ್ಸಿನಲ್ಲಿ ಬಹಳ ದಿನ ಕೊರೆಯುತ್ತಿತ್ತು. ಸಹಚಾಲಕರು ಸರಿಯಾದ ಮಾತನ್ನು ಸರಿಯಾದ ಹೊತ್ತಿನಲ್ಲಿ ಹೇಳಿದ್ದರು. ಆದರೆ ಹಿರಿಯರು ಕೇಳದಿದ್ದಾಗ ವಿಮಾನದ ಹಿಡಿತವನ್ನು ತಾವೇ ವಹಿಸಿಕೊಂಡು ಮೇಲೇರಿಸುವ ಅಧಿಕಾರ ತಮಗುಂಟೋ ಇಲ್ಲವೋ ಎಂಬ ವಿಷಯದಲ್ಲಿ ಅಂದಿನ ಸೂಚನೆಗಳು ಸ್ಪಷ್ಟವಾಗಿರಲಿಲ್ಲ. ಆದುದರಿಂದ ಅವರು ಹೇಳಿದರೇ ಹೊರತು ಕೈಹಾಕಲಿಲ್ಲ. ನಿದ್ರೆ, ಅವಸರ, ಹಟ ಇವುಗಳ ಜೊತೆಗೆ ಕಿರಿಯನ ಸಂಕೋಚವೂ ಸೇರಿತು.

ಈ ಪಾಠವನ್ನು ತರಗತಿಯಲ್ಲಿ ವಿವರಿಸಿದಾಗ ಒಮ್ಮೆ ಒಬ್ಬ ಹುಡುಗಿಯು ಎದ್ದು ನಿಂತು ಕೇಳಿದಳು: "ಕಷ್ಟದ ಸ್ಥಳದಲ್ಲಿ ಇಳಿಸುವುದೇ ಸಾಹಸವಲ್ಲವೇ ಮಾಷ್ಟ್ರೇ? ಹೆದರಿ ಹಿಂದೆ ಹೋಗುವುದು ಹೇಡಿತನವಲ್ಲವೇ?" ಪ್ರಶ್ನೆಯು ಸಮಂಜಸವಾದುದು. ವಿಮಾನಗಳ ಚರಿತ್ರೆಯಲ್ಲಿ ಅಂಥ ಸಾಹಸಗಳು ಇಲ್ಲವೆಂದಲ್ಲ. ನಮ್ಮ ನೆರೆಯ ಕೊಡಗಿನ ಹೆಸರು ಸೇರಿರುವ ಒಂದು ಉದಾಹರಣೆಯನ್ನೇ ನಾನು ಆಕೆಗೆ ಹೇಳಿದೆನು.

೧೯೪೮ನೆಯ ಇಸವಿಯಲ್ಲಿ ಕಾಶ್ಮೀರದ ಯುದ್ಧ ನಡೆಯುತ್ತಿದ್ದಾಗ ಲಡಾಖಿನ ಲೇಹ್ ಪಟ್ಟಣವು ಶತ್ರುಗಳ ಕೈಸೇರುವ ಭೀತಿಯುಂಟಾಯಿತು. ದಾರಿಗಳೆಲ್ಲ ಕಡಿದುಹೋಗಿದ್ದವು. ಸೋನಂ ನೋರ್ಬು ಎಂಬ ಲಡಾಖಿನ ಎಂಜಿನಿಯರರು ಸ್ಥಳೀಯ ಜನರನ್ನು ಕೂಡಿಸಿಕೊಂಡು ಸಿಂಧೂ ನದಿಯ ಬಳಿಯಲ್ಲಿ, ಸಮುದ್ರಮಟ್ಟಕ್ಕಿಂತ ೧೦೦೦೦ ಅಡಿಗಳಿಗೂ ಎತ್ತರದ ನೆಲದಲ್ಲಿ, ಒಂದು ಕಚ್ಚಾ ರನ್‌ವೇಯನ್ನು ಸಿದ್ಧಪಡಿಸಿದರು. ಆ ವರ್ಷದ ಮೇ ೨೪ರಂದು ಏರ್ ಕಮೋಡೋರ್ ಮೆಹರ್ ಸಿಂಗರು ಡಕೋಟಾ ವಿಮಾನವನ್ನು ಹಿಮಾಲಯದ ಶಿಖರಗಳ ಮೇಲಿನಿಂದ ಹಾರಿಸಿಕೊಂಡು ಹೋಗಿ ಅಲ್ಲಿ ಇಳಿಸಿದರು. ಅದುವರೆಗೆ ಅಲ್ಲಿ ಯಾವ ವಿಮಾನವೂ ಇಳಿದಿರಲಿಲ್ಲ. ವಿಮಾನದಲ್ಲಿ ಅವರೊಡನೆ ಕುಳಿತು ಹೋದವರು ಮಡಿಕೇರಿಯಲ್ಲಿ ಹುಟ್ಟಿದ ಮೇಜರ್ ಜನರಲ್ ಕೆ. ಎಸ್. ತಿಮ್ಮಯ್ಯನವರು. ಬಳಿಕ ಆ ದಾರಿಯಲ್ಲಿಯೇ ಸೈನಿಕರನ್ನು ಸಾಗಿಸಿ ಲೇಹ್ ಪಟ್ಟಣವನ್ನು ಉಳಿಸಿಕೊಂಡರು.

ಇದು ಸಾಹಸವೇ; ಇದಕ್ಕೆ ಎರಡು ಮಾತಿಲ್ಲ. ಆದರೆ ಲೇಹ್‌ಗೂ ಬಜ್ಪೆಗೂ ಇರುವ ಅಂತರವನ್ನು ಗಮನಿಸಬೇಕು. ಲೇಹ್‌ನಲ್ಲಿ ಇಳಿಯದೆ ಹಿಂದಿರುಗಿದರೆ ಒಂದು ಪಟ್ಟಣವೇ ಹೋಗುತ್ತಿತ್ತು. ಬಜ್ಪೆಯಲ್ಲಿ ಇಳಿಯದೆ ಮೇಲೇರಿದ್ದರೆ ಹೋಗುತ್ತಿದ್ದುದು ಹತ್ತು ಹದಿನೈದು ನಿಮಿಷಗಳ ಹೊತ್ತು ಮತ್ತು ಒಂದಿಷ್ಟು ಎಣ್ಣೆ. ಲೇಹ್‌ಗೆ ಹೋದ ಸೇನಾಪತಿಯು ಅಪಾಯವನ್ನು ತಿಳಿದೇ ಆ ವಿಮಾನವನ್ನು ಹತ್ತಿದವರು. ದುಬೈಯಿಂದ ಹೊರಟ ತಾಯಿಯು ಮಗುವನ್ನು ಮಡಿಲಲ್ಲಿಟ್ಟುಕೊಂಡು ಕುಳಿತದ್ದು ಊರು ಸೇರುವ ನಂಬಿಕೆಯಿಂದಲೇ ಹೊರತು ಸಾಹಸಕ್ಕಾಗಿ ಅಲ್ಲ. ತನ್ನ ಪ್ರಾಣವನ್ನು ಒಡ್ಡುವುದು ಧೈರ್ಯವಾಗಬಹುದು. ನಂಬಿ ಬಂದವರ ಪ್ರಾಣವನ್ನು ಅವರಿಗೆ ತಿಳಿಯದಂತೆ ಒಡ್ಡುವುದು ಧೈರ್ಯವಲ್ಲ.

ನಮ್ಮ ಕಡಲಕರೆಯ ಮೊಗವೀರರಿಗೆ ಈ ವಿವೇಕವು ತಲೆಮಾರುಗಳಿಂದ ಬಂದಿದೆ. ಹೊಳೆಯು ಸಮುದ್ರವನ್ನು ಸೇರುವ ಅಳಿವೆಯ ಬಾಗಿಲಲ್ಲಿ ದೋಣಿಯನ್ನು ಒಳತರುವುದು ಎಷ್ಟು ಕಷ್ಟವೆಂದು ಕುಂಬಳೆಯ, ಮಂಜೇಶ್ವರದ ಹಿರಿಯರನ್ನು ಕೇಳಿದರೆ ತಿಳಿಯುತ್ತದೆ. ಬಲ್ಲ ತಂಡೇಲನು ತೆರೆಯ ವರಸೆಯನ್ನು ನೋಡುವನು. ಹದ ತಪ್ಪಿತೆಂದು ಕಂಡರೆ ದೋಣಿಯನ್ನು ಮತ್ತೆ ಕಡಲಿಗೆ ತಿರುಗಿಸಿ ಕಾಯುವನು. ದಡದಲ್ಲಿ ನಿಂತವರು ಅವನನ್ನು ಹೇಡಿಯೆನ್ನುವುದಿಲ್ಲ. ವಿಮಾನದ 'ಗೋ ಅರೌಂಡ್' ಎಂಬುದೂ ಇದೇ.

ಬಜ್ಪೆಯ ದುರಂತದಿಂದ ಎಲ್ಲರೂ ಪಾಠ ಕಲಿತರೆಂದು ಹೇಳುವ ಭಾಗ್ಯ ನಮ್ಮದಾಗಲಿಲ್ಲ. ಹತ್ತು ವರ್ಷಗಳ ಬಳಿಕ, ೨೦೨೦ರ ಆಗಸ್ಟ್ ೭ರ ಸಂಜೆ, ನಮ್ಮ ತೆಂಕಣ ದಿಕ್ಕಿನ ಕರಿಪುರದಲ್ಲಿ ಹೆಚ್ಚುಕಡಿಮೆ ಅದೇ ಕಥೆ ನಡೆಯಿತು. ಕಲ್ಲಿಕೋಟೆಯ ಆ ನಿಲ್ದಾಣವೂ ಗುಡ್ಡದ ನೆತ್ತಿಯದೇ, ೧೯೮೮ರಲ್ಲಿ ತೆರೆದದ್ದು. ಕೊರೋನ ಪಿಡುಗಿನ ಕಾಲದಲ್ಲಿ ದುಬೈಯಿಂದ ಜನರನ್ನು ಊರಿಗೆ ಕರೆತರುತ್ತಿದ್ದ ವಿಮಾನ. ಒಟ್ಟು ೧೯೦ ಮಂದಿ. ಜಡಿಮಳೆ ಸುರಿಯುತ್ತಿತ್ತು. ಚಾಲಕರ ಎದುರಿನ ಗಾಜನ್ನು ಒರೆಸುವ ವೈಪರ್ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಮೊದಲ ಸಲ ಅವರು ಇಳಿಯುವುದನ್ನು ಕೈಬಿಟ್ಟು ಮೇಲೇರಿದರು. ಅದು ವಿವೇಕದ ಕೆಲಸವೇ. ಎರಡನೆಯ ಸಲ ವಿರುದ್ಧ ದಿಕ್ಕಿನಿಂದ, ಹಿಂಗಾಳಿಯೊಡನೆ ಬಂದರು. ೨೭೦೦ ಮೀಟರಿನ ರನ್‌ವೇಯಲ್ಲಿ ಸುಮಾರು ೧೩೫೦ ಮೀಟರು, ಎಂದರೆ ಸರಿಯಾಗಿ ಅರ್ಧ ಕಳೆದ ಮೇಲೆ ಚಕ್ರಗಳು ನೆಲ ಮುಟ್ಟಿದವು. ಸಹಚಾಲಕರು ಇಲ್ಲಿಯೂ 'ಗೋ ಅರೌಂಡ್' ಎಂದಿದ್ದರು. ವಿಮಾನವು ಅಂಚನ್ನು ಮೀರಿ ಕೆಳಗೆ ಬಿದ್ದು ಮುರಿಯಿತು. ಚಾಲಕರಿಬ್ಬರೂ ಸೇರಿ ೨೧ ಮಂದಿ ತೀರಿಕೊಂಡರು. ಬೆಂಕಿ ಹತ್ತದುದರಿಂದ ಉಳಿದವರು ಬದುಕಿದರು. ಮುಖ್ಯಚಾಲಕರು ವಾಯುಪಡೆಯಲ್ಲಿ ಸೇವೆ ಸಲ್ಲಿಸಿದ, ಬಹಳ ಅನುಭವವುಳ್ಳ ವೈಮಾನಿಕರು. ಕೌಶಲದ ಕೊರತೆಯೇ ಕಾರಣವೆಂದು ಯಾರೂ ಹೇಳುವಂತಿರಲಿಲ್ಲ.

ಈ ಎರಡು ಘಟನೆಗಳನ್ನು ಜೊತೆಗಿಟ್ಟು ನೋಡಿದರೆ ಚರಿತ್ರೆಯು ಕೊಡುವ ತೀರ್ಪು ಸ್ಪಷ್ಟವಾಗಿದೆ. ಒಂದು ಕಡೆ ಗಾಳಿ ಶಾಂತ, ದೃಷ್ಟಿ ನಿಚ್ಚಳ. ಇನ್ನೊಂದು ಕಡೆ ಮಳೆ ಮತ್ತು ಹಿಂಗಾಳಿ. ಎರಡರಲ್ಲಿಯೂ ಸಮಾನವಾಗಿದ್ದುದು ಹದ ತಪ್ಪಿದ ಮೇಲೂ ಇಳಿಯಲೇಬೇಕೆಂಬ ಹಟ, ಹಾಗೂ ಕಿರಿಯನ ಸರಿಯಾದ ಮಾತಿಗೆ ಬೆಲೆ ಸಿಗದೆ ಹೋದುದು. ಗುಡ್ಡದ ಮೇಲೆ ದೋಷವೇ ಇಲ್ಲವೆಂದು ನಾನು ವಾದಿಸುವುದಿಲ್ಲ. ಅಂಚಿನಲ್ಲಿ ವಿಶಾಲವಾದ ಸುರಕ್ಷಾ ಪ್ರದೇಶವಿರಬೇಕು. ಆಂಟೆನಾಗಳು ಬಡಿದೊಡನೆ ಮುರಿದುಬೀಳುವಂತಿರಬೇಕು. ರಾಡಾರ್ ಕೆಲಸ ಮಾಡುತ್ತಿರಬೇಕು. ಚಾಲಕರಿಗೆ ಸಾಕಷ್ಟು ವಿಶ್ರಾಂತಿ ದೊರೆಯಬೇಕು. ಇವುಗಳಿಗಾಗಿ ಒತ್ತಾಯಿಸುವುದು ನಮ್ಮ ಹಕ್ಕು. ಆದರೆ ಗುಡ್ಡವು ತಪ್ಪನ್ನು ಕ್ಷಮಿಸುವುದಿಲ್ಲ, ಅಷ್ಟೆ. ತಪ್ಪನ್ನು ಮಾಡುವವನು ಮನುಷ್ಯ. ಬಜ್ಪೆಯ ಅದೇ ಗುಡ್ಡದಲ್ಲಿ ೧೯೫೧ರಿಂದ ಈವರೆಗೆ ಅಸಂಖ್ಯ ವಿಮಾನಗಳು ಸುರಕ್ಷಿತವಾಗಿ ಇಳಿದಿವೆ. ನಿಯಮವನ್ನು ಬಿಡದೆ ಪಾಲಿಸಿದ ಚಾಲಕರ ಹೆಸರುಗಳು ಯಾವ ಪತ್ರಿಕೆಯಲ್ಲಿಯೂ ಬರಲಿಲ್ಲ. ಸುರಕ್ಷಿತವಾಗಿ ಮುಗಿದ ಕೆಲಸಕ್ಕೆ ಸ್ಮಾರಕವಿರುವುದಿಲ್ಲ.

ಪ್ರಯಾಣಿಕರಾದ ನಮ್ಮ ಕರ್ತವ್ಯವೂ ಸ್ವಲ್ಪ ಇದೆ. ಚಕ್ರಗಳು ಧಡಕ್ಕನೆ ನೆಲಕ್ಕೆ ತಾಗಿದರೆ 'ಚಾಲಕನಿಗೆ ಇಳಿಸಲು ಬಾರದು' ಎಂದು ಗೊಣಗುವುದು ರೂಢಿ. ಗಿಡ್ಡ ರನ್‌ವೇಯಲ್ಲಿ, ಅದರಲ್ಲಿಯೂ ಮಳೆಯಲ್ಲಿ, ನಿರ್ದಿಷ್ಟ ಸ್ಥಳದಲ್ಲಿ ಗಟ್ಟಿಯಾಗಿ ನೆಲ ಮುಟ್ಟುವುದೇ ಸರಿಯಾದ ಕ್ರಮ. ಹೂವಿನ ಮೇಲೆ ಇಳಿಸಿದಂತೆ ಮೆತ್ತಗೆ ಇಳಿಸಲು ತೇಲುತ್ತ ಹೋದರೆ ರನ್‌ವೇ ಕರಗುತ್ತದೆ. ಇಳಿಯುತ್ತಿದ್ದ ವಿಮಾನವು ಥಟ್ಟನೆ ಗರ್ಜಿಸುತ್ತ ಮೇಲೇರಿದರೆ ಗಾಬರಿಪಡಬೇಕಾಗಿಲ್ಲ. ಕಂಬಿಯ ಹೊರಗೆ ಕಾಯುವವರೂ ಎದೆಗುಂದಬೇಕಾಗಿಲ್ಲ. ಚಾಲಕನು ತನ್ನ ಅಭಿಮಾನಕ್ಕಿಂತ ನಮ್ಮ ಮಕ್ಕಳ ಪ್ರಾಣವನ್ನು ಹೆಚ್ಚೆಂದು ಬಗೆದನೆಂದು ತಿಳಿದು ಮನಸ್ಸಿನಲ್ಲಿಯೇ ಕೈಮುಗಿಯಬೇಕು.

ಇನ್ನು ಅಧ್ಯಾಪಕನಾದ ನಾನು ಕಲಿತ ಪಾಠ. 'ಹಿರಿಯರಿಗೆ ಎದುರಾಡಬೇಡಿ' ಎಂದು ಮಕ್ಕಳಿಗೆ ಹೇಳಿಕೊಡುತ್ತ ಬಂದವನು ನಾನು. ಕೆಲವು ವರ್ಷಗಳ ಹಿಂದೆ ಕರಿಹಲಗೆಯ ಮೇಲೆ ಒಂದು ಇಸವಿಯನ್ನು ತಪ್ಪಾಗಿ ಬರೆದೆನು. ಪಾಠ ಮುಗಿದು ಎಲ್ಲರೂ ಹೋದ ಮೇಲೆ ಹಿಂದಿನ ಬೆಂಚಿನ ಒಬ್ಬ ಹುಡುಗನು ಮೆಲ್ಲನೆ ಬಂದು ತಪ್ಪನ್ನು ತೋರಿಸಿದನು. "ಆಗಲೇ ಯಾಕೆ ಹೇಳಲಿಲ್ಲ ಮಗೂ?" ಎಂದು ಕೇಳಿದೆನು. "ಮಾಷ್ಟ್ರಲ್ವಾ, ಹೇಗೆ ಹೇಳುವುದು?" ಎಂದನು. ಅಷ್ಟರಲ್ಲಿ ನಲವತ್ತು ಮಕ್ಕಳು ಆ ತಪ್ಪನ್ನು ತಮ್ಮ ಪುಸ್ತಕಗಳಲ್ಲಿ ಬರೆದುಕೊಂಡು ಮನೆಗೆ ಹೋಗಿದ್ದರು. ಅಂದು ರಾತ್ರಿ ನನಗೆ ಬಜ್ಪೆಯ ಸಹಚಾಲಕರ ನೆನಪಾಯಿತು.

ಅಂದಿನಿಂದ ವರ್ಷದ ಮೊದಲ ದಿನವೇ ನಾನು ತರಗತಿಯಲ್ಲಿ ಒಂದು ಮಾತು ಹೇಳುತ್ತೇನೆ: ನನ್ನ ತಪ್ಪು ಕಂಡರೆ ಕೂಡಲೇ ಕೈಯೆತ್ತಿ, ಒಮ್ಮೆ ಹೇಳಿ ನಾನು ಕೇಳದಿದ್ದರೆ ಎದ್ದು ಬಂದು ಹಲಗೆಯ ಮೇಲೆ ನೀವೇ ತಿದ್ದಿ. ಗೌರವವೆಂದರೆ ಸುಮ್ಮನಿರುವುದಲ್ಲ. ನಮ್ಮ ಕನ್ನಡ ಶಾಲೆಯ ಮಕ್ಕಳಲ್ಲಿ ಕೆಲವರಾದರೂ ಮುಂದೆ ವಿಮಾನ ನಡೆಸುವವರಾಗಲಿ ಎಂಬುದು ನನ್ನ ಹಾರೈಕೆ. ಅಂಥವರು ಎಡಗಡೆಯ ಆಸನದಲ್ಲಿ ಹಿರಿಯರಾಗಿ ಕುಳಿತಾಗ ಬಲಗಡೆಯ ಕಿರಿಯನ ಮಾತಿಗೆ ಕಿವಿಗೊಡಲಿ. ಬಲಗಡೆಯಲ್ಲಿ ಕುಳಿತಾಗ ಹೇಳಬೇಕಾದುದನ್ನು ಹೇಳಿ, ಮಾಡಬೇಕಾದುದನ್ನು ಮಾಡಲಿ. ೨೦೧೦ರ ಆ ಹುಡುಗನು ಇಂದು ಎಲ್ಲಿದ್ದಾನೋ, ಬಹುಶಃ ತಾನೂ ಅದೇ ವಿಮಾನದಲ್ಲಿ ಬಂದು ಹೋಗುತ್ತಿರಬಹುದು. ಈ ಸಂಚಿಕೆಯು ಅವನ ಮನೆಗೆ ತಲುಪಲಿ.